ಕಬ್ಬಿಣ ಕೊಳ್ಳುವ ಮುನ್ನ ಬಸ್ಕಿ

ಮನೆಯಲ್ಲೇ ವ್ಯಾಯಾಮ ಮಾಡುವವರಿಗೆ ಬೇಕಾಗುವ ಸಾಮಾನು ಕಡಿಮೆ: ಒಂದು ಚಾಪೆ, ಸ್ಕಿಪ್ಪಿಂಗ್ ಹಗ್ಗ, ರಬ್ಬರಿನ ರೆಸಿಸ್ಟೆನ್ಸ್ ಬ್ಯಾಂಡ್, ಬಾಗಿಲ ಚೌಕಟ್ಟಿಗೆ ಕೂರಿಸುವ ಪುಲ್-ಅಪ್ ಸರಳು. ಸಾಧಾರಣ ದರ್ಜೆಯವಾದರೆ ಎಲ್ಲ ಸೇರಿ ಎರಡು-ಮೂರು ಸಾವಿರ ರೂಪಾಯಿಗೆ ಮುಗಿಯುತ್ತದೆ. ನಗರದ ಅನೇಕ ಜಿಮ್‌ಗಳಲ್ಲಿ ಇದು ಒಂದೆರಡು ತಿಂಗಳ ಶುಲ್ಕ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದರೂ ಈ ಅಂತರ ಉಳಿದೇ ಇದೆ. ಹಾಗೆಂದು ಮನೆಯ ಸಾಮಾನೇ ಅಗ್ಗ ಎನ್ನುವಂತಿಲ್ಲ. ಒಂದೊಂದು ಸಲದ ಬಳಕೆಗೆ ಎಷ್ಟು ಬಿತ್ತು ಎಂಬುದೇ ಅದರ ನಿಜವಾದ ಬೆಲೆ. ಸಾವಿರ ರೂಪಾಯಿಯ ಸರಳು ಹತ್ತು ಸಲ ಬಳಕೆಯಾಗಿ ಅಟ್ಟ ಸೇರಿದರೆ ಸಲಕ್ಕೆ ನೂರು ರೂಪಾಯಿ. ವಾರಕ್ಕೆ ಮೂರು ಸಲದಂತೆ ವರ್ಷವಿಡೀ ಬಳಸಿದರೆ ಏಳು ರೂಪಾಯಿಗೂ ಕಡಿಮೆ.

ದುಡ್ಡು ಸುರಿದರೆ ಆ ದುಡ್ಡೇ ಮೈ ಬಗ್ಗಿಸುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಆ ಒತ್ತಾಸೆ ಅಲ್ಪಾಯುಷಿ. ಜಾನ್ ಗೋರ್‌ವಿಲ್ ಮತ್ತು ದಿಲೀಪ್ ಸೋಮನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳಿಗೊಮ್ಮೆ ಶುಲ್ಕ ಕಟ್ಟುತ್ತಿದ್ದ ಹೆಲ್ತ್ ಕ್ಲಬ್ ಸದಸ್ಯರ ಹಾಜರಿ ಹಣ ಕಟ್ಟಿದ ಬೆನ್ನಿಗೇ ಏರಿ, ತಿಂಗಳು ಕಳೆದಂತೆ ಇಳಿದು, ಮುಂದಿನ ಕಂತು ಕಟ್ಟಿದ ಮೇಲೆ ಮತ್ತೆ ಏರುತ್ತಿತ್ತು. ಅಮೆರಿಕದ ಮೂರು ಕ್ಲಬ್‌ಗಳ ದಾಖಲೆ ಕೆದಕಿದ ಸ್ಟೆಫಾನೊ ಡೆಲ್ಲವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಇನ್ನೂ ಮುಜುಗರದ ಲೆಕ್ಕ ಮುಂದಿಟ್ಟರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುವ ಸದಸ್ಯರು ಸರಾಸರಿ 4.3 ಸಲ ಮಾತ್ರ ಬರುತ್ತಿದ್ದರು. ಸಲಕ್ಕೆ 17 ಡಾಲರಿಗೂ ಹೆಚ್ಚು ಬಿದ್ದಂತಾಯಿತು. ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಸಲಕ್ಕೆ 10 ಡಾಲರಿಗೆ ಮುಗಿಯುತ್ತಿತ್ತು.

ಮನೆಯ ಸಾಮಾನಿನದು ಇನ್ನೂ ಕಷ್ಟದ ಸ್ಥಿತಿ. ಅದಕ್ಕೆ ಹಣ ಕೊಡುವುದು ಒಂದೇ ಸಲ. ಮರೆತವರನ್ನು ಎಚ್ಚರಿಸಲು ಮುಂದಿನ ಕಂತೇ ಇರುವುದಿಲ್ಲ. ಆದ್ದರಿಂದ ಬಳಕೆ ಮೊದಲು, ಖರೀದಿ ಆಮೇಲೆ ಎಂಬ ಕ್ರಮ ಲಾಭದ್ದು. ಆರಂಭಕ್ಕೆ ಬೇಕಾದ ಭಾರ ಹೇಗೂ ದೇಹದಲ್ಲೇ ಇದೆ. ಗರಡಿ ಮನೆಯ ದಂಡ-ಬಸ್ಕಿ ನಿಂತಿರುವುದು ಈ ಬಂಡವಾಳದ ಮೇಲೆಯೇ. ಬೆಂಗಳೂರಿನಲ್ಲಿ ಹರ್ಕ್ಯುಲೆಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ (‘ಶಾಂತಲಾ’ ಕಾದಂಬರಿ ಬರೆದವರೂ ಇವರೇ) ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ಮನೆಯಲ್ಲೇ ಕಲಿಯುವ ಪಾಠ ಯೂಟ್ಯೂಬ್ ಕಾಲದ್ದಲ್ಲ.

ಬರಿಮೈ ವ್ಯಾಯಾಮ ಬೇಗ ಬೇಸರ ತರಿಸುತ್ತದೆ ಎಂಬ ದೂರಿಗೆ ಸಾಮಾನ್ಯ ಕಾರಣ, ಭಾರ ಏರದೆ ನಿಂತಲ್ಲೇ ನಿಂತಿರುವುದು. ನೆಲದ ಮೇಲಿನ ಪುಷ್-ಅಪ್‌ನಲ್ಲಿ ಕೈಗಳ ಮೇಲೆ ದೇಹತೂಕದ ಸುಮಾರು ಶೇ 64ರಷ್ಟು ಬೀಳುತ್ತದೆ. ಮೊಣಕಾಲೂರಿದರೆ ಶೇ 49. ಅರವತ್ತು ಸೆಂಟಿಮೀಟರ್ ಎತ್ತರದ ಮೇಲೆ ಕೈ ಇಟ್ಟರೆ ಶೇ 41. ಅಷ್ಟೇ ಎತ್ತರದಲ್ಲಿ ಪಾದ ಇಟ್ಟರೆ ಶೇ 74. ಎಪ್ಪತ್ತು ಕೆ.ಜಿ. ತೂಗುವವರು ಒಂದು ಗಟ್ಟಿ ಮೇಜಿನ ನೆರವಿನಿಂದ 29 ಕೆ.ಜಿ.ಯಿಂದ 52 ಕೆ.ಜಿ.ವರೆಗೆ ಹಂತಹಂತವಾಗಿ ಏರಬಹುದು. ಇಷ್ಟೇ ಏರಿಕೆಯನ್ನು ಕೆ.ಜಿ. ಲೆಕ್ಕದಲ್ಲಿ ಮಾರುವ ಕಬ್ಬಿಣದಲ್ಲಿ ಕೊಳ್ಳಹೋದರೆ ಮನೆಯ ಸಾಮಾನಿನ ಬಜೆಟ್ಟೆಲ್ಲ ಅದಕ್ಕೇ ಹೋಗುತ್ತದೆ. ಈ ವಾರ ಮೇಜು, ಮುಂದೆ ಮೊಣಕಾಲು, ಆಮೇಲೆ ನೆಲ ಎಂಬ ಏಣಿ ಕಣ್ಣೆದುರು ಇದ್ದರೆ ಉತ್ಸಾಹ ಉಳಿಯಲು ಒಂದು ನೆಪವಾದರೂ ಸಿಗುತ್ತದೆ.

ನೆಲ ಮತ್ತು ಮೇಜಿಗೆ ದಕ್ಕದಿರುವುದು ಎಳೆಯುವ ವ್ಯಾಯಾಮ. ಬೆನ್ನಿಗೆ ಕೆಲಸ ಕೊಡಲು ಏನನ್ನಾದರೂ ಎಳೆಯಲೇಬೇಕು. ಕೆಲವು ವಾರ ನೀರು ತುಂಬಿದ ಬಕೆಟ್ ಸಾಕು; ಹತ್ತು ಲೀಟರ್ ಎಂದರೆ ಹತ್ತು ಕೆ.ಜಿ. ಮೊದಲ ಖರೀದಿ ಬ್ಯಾಂಡ್ ಆಗಿರಲಿ ಎನ್ನುವುದು ಈ ಎಳೆತಕ್ಕಾಗಿಯೇ. ಸರಳು ಕೊಳ್ಳುವ ಮುನ್ನ ಚೌಕಟ್ಟಿನ ಅಳತೆಯನ್ನೂ ಗಟ್ಟಿತನವನ್ನೂ ನೋಡಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಕಿತ್ತುಬಂದ ಚೌಕಟ್ಟಿನ ದುರಸ್ತಿಗೆ ಅಡ್ವಾನ್ಸ್‌ನಲ್ಲಿ ಕಡಿತ ಬಿದ್ದರೆ ಪ್ರತಿ ಪುಲ್-ಅಪ್ ದುಬಾರಿಯಾಗುತ್ತದೆ.

ಈ ಅಂಕಣಕಾರರ ಮನೆಯಲ್ಲಿ ಬಳಕೆಯಲ್ಲಿರುವ ವ್ಯವಸ್ಥೆ ಸರಳ. ವ್ಯಾಯಾಮ ಮಾಡಿದ ದಿನ ಅಡುಗೆಮನೆಯ ಒಂದು ಡಬ್ಬಿಗೆ ಹತ್ತು ರೂಪಾಯಿ ಬೀಳುತ್ತದೆ. ಮಾಡದ ದಿನ ಬೀಳುವುದಿಲ್ಲ. ಹೊಸ ಸಾಮಾನಿಗೆ ಹಣ ಆ ಡಬ್ಬಿಯಿಂದಲೇ ಬರಬೇಕು. ಐನೂರು ರೂಪಾಯಿಯ ಬ್ಯಾಂಡ್ ಎಂದರೆ ಐವತ್ತು ಸಲದ ಬೆವರು. ವಾರಕ್ಕೆ ಮೂರು ಸಲದಂತೆ ಸುಮಾರು ನಾಲ್ಕು ತಿಂಗಳು. ಕೊಳ್ಳುವ ಆಸೆ ತಡೆಯಲಾರದವರಿಗೆ ಇದು ಹಿಂಸೆ ಎನಿಸಬಹುದು. ಆದರೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತನ್ನಷ್ಟಕ್ಕೆ ನಡೆಯತೊಡಗಲು ಹಿಡಿದ ಕಾಲ 18ರಿಂದ 254 ದಿನಗಳವರೆಗೆ ಹರಡಿತ್ತು. ಮಧ್ಯದ ಅಂಕಿ 66 ದಿನ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂಬುದೂ ಅಲ್ಲಿಯೇ ಕಂಡುಬಂತು. ಡಬ್ಬಿ ತುಂಬುವ ಹೊತ್ತಿಗೆ ಅನೇಕರಲ್ಲಿ ಅಭ್ಯಾಸ ಬೇರೂರಿರುತ್ತದೆ. ಬೇರೂರದಿದ್ದರೂ ಐನೂರು ರೂಪಾಯಿ ವ್ಯರ್ಥವಾಗಿರುವುದಿಲ್ಲ.

ಗುರಿಯನ್ನೂ ಮೈಕೈಗೆ ತಕ್ಕಂತೆ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಕೇಳುವುದು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಜತೆಗೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ. ಎರಡನೆಯದನ್ನು ಬಿರುಸಿನ ನಡಿಗೆಯಲ್ಲೇ ಮುಗಿಸಬಹುದು. ಮಂಡಿ ಅಥವಾ ಬೆನ್ನು ನೋವಿರುವವರು ಮೊದಲ ಖರ್ಚನ್ನು ಫಿಸಿಯೋಥೆರಪಿಸ್ಟ್‌ರ ಒಂದು ಭೇಟಿಗೆ ಮೀಸಲಿಡುವುದು ಒಳಿತು.

ಕೊಳ್ಳುವ ದಿನ ಬಂದಾಗ ಡಂಬೆಲ್, ಸರಳು ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು. ಅರ್ಧ ಬೆಲೆಗೆ ಮಾರುವವರು ಊರ ತುಂಬ ಇದ್ದಾರೆ. ಬ್ಯಾಂಡ್ ಮಾತ್ರ ಹೊಸದೇ ಬೇಕು. ಬಿಸಿಲಿಗೂ ಬೆವರಿಗೂ ರಬ್ಬರ್ ಬಿರಿಯುತ್ತದೆ, ಎಳೆದಾಗ ಹರಿದರೆ ಮುಖಕ್ಕೇ ಬಡಿಯುತ್ತದೆ. ಸಣ್ಣ ಬಿರುಕು ಕಂಡ ದಿನವೇ ಅದನ್ನು ಎಸೆದು, ಡಬ್ಬಿ ಬಿಚ್ಚಬೇಕು.