ಎಂಜಿನ್ನಿನ ತಾಳ, ಹಿಂದಿನ ಚಕ್ರದ ಹಿಡಿತ

ಕಣ್ಣು ಮುಚ್ಚಿ ಕುಳಿತಿದ್ದರೂ ಬೀದಿಯಲ್ಲಿ ಹಾದುಹೋದ ಮೋಟಾರು ಸೈಕಲ್ಲು ಯಾವುದೆಂದು ಶಬ್ದದಿಂದಲೇ ಹೇಳಬಲ್ಲ ಹುಡುಗರು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ಅವರ ಕಿವಿ ಗುರುತಿಸುವುದು ಏನನ್ನು? ಎಂಜಿನ್ನಿನೊಳಗಿನ ಸ್ಫೋಟಗಳು ಎಷ್ಟೆಷ್ಟು ಅಂತರದಲ್ಲಿ ಆಗುತ್ತಿವೆ ಎಂಬುದನ್ನು. ಎಂದರೆ ಎಂಜಿನ್ನಿನ ತಾಳವನ್ನು. ಹೊಗೆಕೊಳವೆಗಳನ್ನು ಎಣಿಸಿ ಇದನ್ನು ತಿಳಿಯುವಂತಿಲ್ಲ. 1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾಗತೊಡಗಿದ 250 ಘನ ಸೆಂಟಿಮೀಟರಿನ ಜಾವಾ ಗಾಡಿಗೆ ಕೊಳವೆಗಳು ಎರಡಿದ್ದರೂ ಸಿಲಿಂಡರು ಒಂದೇ! ಈ ತಾಳವು ಕೇವಲ ಕಿವಿಗೆ ಸಂಬಂಧಿಸಿದ ವಿಷಯವಲ್ಲ. ಪಂದ್ಯದ ಪಥದಲ್ಲಿ ಸವಾರನು ಬೀಳುವುದೂ ಉಳಿಯುವುದೂ ಒಂದು ಮಟ್ಟಿಗೆ ಇದನ್ನು ಅವಲಂಬಿಸಿದೆ. ಅದು ಹೇಗೆಂಬುದನ್ನು ಈಗ ನೋಡೋಣ.

ಪಥದಲ್ಲಿ ಗೆಲುವು ಸೋಲುಗಳು ತೀರ್ಮಾನವಾಗುವುದು ಹೆಚ್ಚಾಗಿ ತಿರುವುಗಳಲ್ಲಿ. ತಿರುಗುವಾಗ ಗಾಡಿಯನ್ನು ಒಳಕ್ಕೆ ವಾಲಿಸಬೇಕು. 45 ಡಿಗ್ರಿ ವಾಲಿದಾಗ ಟಯರು ನೆಲವನ್ನು ಪಕ್ಕಕ್ಕೆ ತಳ್ಳುವ ಬಲವು, ಟಯರಿನ ಅಗಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಾಡಿ ಮತ್ತು ಸವಾರರ ಒಟ್ಟು ತೂಕಕ್ಕೆ ಸಮವಾಗಿರುತ್ತದೆ. ಪಂದ್ಯದ ಸವಾರರಾದರೋ 60 ಡಿಗ್ರಿಯನ್ನೂ ಮೀರಿ ವಾಲುತ್ತಾರೆ. ಟಯರಿನ ಹಿಡಿತಕ್ಕೆ ಒಂದು ಮಿತಿಯುಂಟು. ಆ ಹಿಡಿತದಿಂದಲೇ ಗಾಡಿಯನ್ನು ತಿರುಗಿಸಬೇಕು, ಅದರಿಂದಲೇ ಮುಂದಕ್ಕೆ ನೂಕಬೇಕು. ಒಂದೇ ಸಂಬಳದಲ್ಲಿ ಎರಡು ಮನೆ ನಡೆಸುವವನ ಪಾಡು ಇದು. ತಿರುವಿನಿಂದ ಹೊರಬೀಳುವಾಗ, ಗಾಡಿಯು ಇನ್ನೂ ವಾಲಿರುವಂತೆಯೇ, ಸವಾರನು ಬಲಗೈಯ ಹಿಡಿಯನ್ನು ತಿರುವಿ ವೇಗವನ್ನು ಕೂಡಿಸುತ್ತಾನೆ. ಕೂದಲೆಳೆಯಷ್ಟು ಹೆಚ್ಚಾಯಿತೆನ್ನಿ, ಹಿಂದಿನ ಚಕ್ರವು ಹೊರಕ್ಕೆ ಜಾರುತ್ತದೆ. ಬೆದರಿದ ಸವಾರನು ಹಿಡಿಯನ್ನು ಥಟ್ಟನೆ ಬಿಟ್ಟರೆ ಇನ್ನೂ ಕೇಡು. ಅಡ್ಡಲಾಗಿ ಜಾರುತ್ತಿದ್ದ ಟಯರಿಗೆ ಹಿಡಿತವು ಒಮ್ಮೆಲೇ ಮರಳಿ, ಗಾಡಿಯು ಕುದುರೆಯಂತೆ ಕೊಡವಿ ಅವನನ್ನು ಮೇಲಕ್ಕೆಸೆಯುತ್ತದೆ. ಜಾರಿ ಬೀಳುವುದಕ್ಕಿಂತ ಹೀಗೆ ಎಸೆಯಲ್ಪಟ್ಟು ಬೀಳುವುದೇ ಸವಾರರಿಗೆ ಹೆಚ್ಚಿನ ಭಯ.

ಇನ್ನು ಎಂಜಿನ್ನಿಗೆ ಬರೋಣ. ಪಿಸ್ಟನ್ನಿನ ಮೇಲು ಕೆಳಗಿನ ಓಟವನ್ನು ತಿರುಗಾಟವಾಗಿ ಮಾರ್ಪಡಿಸುವುದು ಕ್ರ್ಯಾಂಕ್ ದಂಡ. ಸೈಕಲ್ಲಿನ ಪೆಡಲುಗಳು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ದಂಡದ ಎರಡು ಸುತ್ತುಗಳಿಗೊಮ್ಮೆ, ಅಂದರೆ 720 ಡಿಗ್ರಿಗಳಿಗೊಮ್ಮೆ, ಸ್ಫೋಟವಾಗುತ್ತದೆ. ಸಿಲಿಂಡರುಗಳು ಎರಡಾದರೆ ಹಂಚಿಕೆಯ ಪ್ರಶ್ನೆ ಏಳುತ್ತದೆ. 1937ರ ಟ್ರಯಂಫ್ ಸ್ಪೀಡ್ ಟ್ವಿನ್ನಿನಲ್ಲಿ ಎರಡು ಪಿಸ್ಟನ್ನುಗಳೂ ಜೊತೆಯಾಗಿ ಏರಿ ಇಳಿಯುತ್ತಿದ್ದುವು. ಸ್ಫೋಟವು 360 ಡಿಗ್ರಿಗೊಮ್ಮೆ, ಸಮತಾಳದಲ್ಲಿ. ಸೈಕಲ್ಲಿನ ಪೆಡಲುಗಳಂತೆ ಅವನ್ನು ಎದುರುಬದುರಾಗಿಸಿದರೆ ಅಲುಗಾಟ ತಗ್ಗುತ್ತದೆ, ಆದರೆ ತಾಳವು 180, 540 ಎಂದು ಕುಂಟುತ್ತದೆ. ಡುಕಾಟಿಯವರ 90 ಡಿಗ್ರಿಯ ವಿ ಆಕಾರದ ಜೋಡಿಯಲ್ಲಿ ಅದು 270, 450. 1969ರ ಹೋಂಡಾ ಸಿಬಿ 750ರಿಂದ ಜನಪ್ರಿಯವಾದ, ಸಾಲಾಗಿ ನಿಂತ ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ 180 ಡಿಗ್ರಿಗೊಂದು ಸ್ಫೋಟ. ತಾಳ ಅಚ್ಚುಕಟ್ಟು, ಶಬ್ದ ನುಣುಪು. ಸಮತಾಳವೇ ಶ್ರೇಷ್ಠವೆಂದು ಯಾರಿಗಾದರೂ ತೋರಬೇಕಾದುದು ಸಹಜ.

ಈ ನಂಬಿಕೆಯನ್ನು ಅಲುಗಿಸಿದುದು 1992ರ ಹೋಂಡಾ ಎನ್‌ಎಸ್‌ಆರ್ 500. ಇದು 500 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ, ಎರಡು ಹೊಡೆತಗಳ ಯಂತ್ರ. ಪ್ರತಿ ಸಿಲಿಂಡರಿಗೂ ಸುತ್ತಿಗೊಂದು ಸ್ಫೋಟ. ಮೊದಲು ಸಮನಾಗಿ ಹಂಚಿದ್ದ ಸ್ಫೋಟಗಳನ್ನು ಆ ವರ್ಷ ಒಟ್ಟುಗೂಡಿಸಿ, ದಂಡವು ಸುಮಾರು 70 ಡಿಗ್ರಿ ತಿರುಗುವಷ್ಟರಲ್ಲಿಯೇ ನಾಲ್ಕೂ ಮುಗಿಯುವಂತೆ ಮಾಡಿದರು. ಉಳಿದ ಸುತ್ತಿನಲ್ಲಿ ಮೌನ. ಇದಕ್ಕೆ ‘ಬಿಗ್ ಬ್ಯಾಂಗ್’ ಎಂಬ ಹೆಸರು ಬಂದಿತು. ಆಸ್ಟ್ರೇಲಿಯದ ಮಿಕ್ ಡೂಹನ್ ಇದರ ಮೇಲೆ ಆ ವರ್ಷದ ಮೊದಲ ನಾಲ್ಕು ಪಂದ್ಯಗಳನ್ನೂ ಗೆದ್ದನು. ಎದುರಾಳಿ ತಯಾರಕರು ಆ ವರ್ಷವೇ ಇದನ್ನು ಅನುಕರಿಸಿದರು. ಆದರೆ ಹಾಲೆಂಡಿನ ಆಸೆನ್ ಪಥದಲ್ಲಿ ಬಿದ್ದು ಡೂಹನನ ಕಾಲು ಮುರಿಯಿತು. ಕಾಲನ್ನೇ ಕಳೆದುಕೊಳ್ಳುವ ಸ್ಥಿತಿಯಿಂದ ಪಾರಾಗಿ ಅವನು ಕಡೆಯ ಪಂದ್ಯಗಳಿಗೆ ಮರಳಿದರೂ ಪಟ್ಟವು ವೇಯ್ನ್ ರೈನಿಯ ಪಾಲಾಯಿತು. ಅಂತರ ಕೇವಲ ನಾಲ್ಕು ಅಂಕಗಳು!

ಸ್ಫೋಟಗಳನ್ನು ಗುಂಪುಗೂಡಿಸಿದರೆ ಹಿಡಿತವೇಕೆ ಹೆಚ್ಚಬೇಕು? ಮೊದಲು ಕೊಟ್ಟ ಉತ್ತರ ಸರಳವಾದುದು: ಎರಡು ನೂಕುಗಳ ನಡುವೆ ಟಯರಿಗೆ ಸುಧಾರಿಸಿಕೊಳ್ಳಲು ಬಿಡುವು ದೊರೆಯುತ್ತದೆ. ಲೆಕ್ಕ ಹಾಕಿ ನೋಡೋಣ. ದಂಡವು ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಒಂದು ಸುತ್ತಿಗೆ ಸೆಕೆಂಡಿನ 200ನೆಯ ಒಂದು ಭಾಗ ಹಿಡಿಯುತ್ತದೆ. ಗಾಡಿಯ ವೇಗ ಗಂಟೆಗೆ 108 ಕಿಲೋಮೀಟರು, ಎಂದರೆ ಸೆಕೆಂಡಿಗೆ 30 ಮೀಟರು. ಆದುದರಿಂದ ಒಂದು ಗುಂಪು ಸ್ಫೋಟದಿಂದ ಮುಂದಿನದಕ್ಕೆ ಗಾಡಿಯು 15 ಸೆಂಟಿಮೀಟರು ಸಾಗಿರುತ್ತದೆ. ನೆಲವನ್ನು ಮುಟ್ಟುವ ಟಯರಿನ ಭಾಗವು ಒಂದು ಅಂಗೈಯಷ್ಟು. ಅಷ್ಟರಲ್ಲಿ ಆ ಭಾಗವು ಸರಿದು ಹೊಸ ರಬ್ಬರು ಕೆಳಗೆ ಬಂದಿರುತ್ತದೆ. ಲೆಕ್ಕವೇನೋ ಒಪ್ಪುವಂತಿದೆ. ಆದರೆ ಎಂಜಿನ್ನಿಗೂ ಟಯರಿಗೂ ನಡುವೆ ಸರಪಳಿಯೂ ರಬ್ಬರು ಮೆತ್ತೆಗಳೂ ಭಾರವಾದ ಚಕ್ರವೂ ಇದ್ದು ಇಂತಹ ಮಿಡಿತವನ್ನು ಬಹುಮಟ್ಟಿಗೆ ನುಂಗಿಬಿಡುತ್ತವೆಂಬುದನ್ನು ಮರೆಯಬಾರದು.

ನಮಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆಯು ಯಮಾಹಾದ ಎಂಜಿನಿಯರ್ ಮಸಾವೊ ಫುರುಸಾವಾ ಅವರದು. ಸಾಲು ನಾಲ್ಕರ ಸಾಮಾನ್ಯ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ತುದಿಯಲ್ಲಿರುವಾಗ ಉಳಿದೆರಡು ತಳದಲ್ಲಿರುತ್ತವೆ. ತುದಿಯಲ್ಲಿಯೂ ತಳದಲ್ಲಿಯೂ ಪಿಸ್ಟನ್ನು ಕ್ಷಣಕಾಲ ನಿಲ್ಲಲೇಬೇಕು. ಹೀಗಾಗಿ ಸುತ್ತಿಗೆರಡು ಬಾರಿ ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ. ಅವುಗಳಲ್ಲಿದ್ದ ಚಲನಶಕ್ತಿ ಎಲ್ಲಿಗೆ ಹೋಯಿತು? ಕ್ರ್ಯಾಂಕ್ ದಂಡಕ್ಕೆ, ಅದು ಒಮ್ಮೆ ಮುಂದಕ್ಕೆ ಜಗ್ಗಿ, ಮರುಕ್ಷಣ ಪಿಸ್ಟನ್ನುಗಳನ್ನು ಓಡಿಸಲು ಆ ಶಕ್ತಿಯನ್ನು ಹಿಂದಿರುಗಿಸಿ ನಿಧಾನಿಸುತ್ತದೆ. ಸುತ್ತುಗಳ ವೇಗ ಎರಡರಷ್ಟಾದರೆ ಈ ಜಗ್ಗಾಟ ನಾಲ್ಕರಷ್ಟಾಗುತ್ತದೆ. ಸವಾರನು ಕೈಯಿಂದ ಕೇಳಿದ ಬಲದ ಜೊತೆಗೆ ಅವನು ಕೇಳದ ಈ ಬಲವೂ ಬೆರೆಯುತ್ತದೆ. ಜಾತ್ರೆಯ ಗದ್ದಲದಲ್ಲಿ ತಂಬೂರಿಯ ಶ್ರುತಿಯನ್ನು ಹಿಡಿಯಹೊರಟಂತೆ, ಟಯರು ಜಾರತೊಡಗುವ ಆ ಸೂಕ್ಷ್ಮ ಕ್ಷಣವು ಅವನಿಗೆ ಕೇಳಿಸದೆ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ದಂಡದ ಮೊಣಕೈಗಳನ್ನು 90 ಡಿಗ್ರಿ ಅಂತರದಲ್ಲಿ ಶಿಲುಬೆಯಂತೆ ಜೋಡಿಸಿದರು. ಆಗ ಎರಡು ಪಿಸ್ಟನ್ನುಗಳು ನಿಂತಾಗ ಉಳಿದೆರಡು ಹೆಚ್ಚುಕಡಿಮೆ ಪೂರ್ಣ ವೇಗದಲ್ಲಿರುತ್ತವೆ. ಒಂದು ಜೋಡಿ ಕೊಟ್ಟ ಶಕ್ತಿಯನ್ನು ಇನ್ನೊಂದು ಪಡೆಯುತ್ತದೆ. ಸ್ಫೋಟಗಳ ಅಂತರ 270, 180, 90, 180 ಎಂದು ಏರುಪೇರಾಯಿತು. ಅಲುಗಾಟವನ್ನು ತಡೆಯಲು ಬೇರೊಂದು ಸಮತೋಲ ದಂಡವನ್ನೂ ಹೊರಬೇಕಾಯಿತು. ಆದರೂ 2004ರಲ್ಲಿ ಹೋಂಡಾವನ್ನು ಬಿಟ್ಟು ಬಂದ ವ್ಯಾಲೆಂಟಿನೊ ರೊಸ್ಸಿ ಪರೀಕ್ಷೆಯಲ್ಲಿ ಹಲವು ಎಂಜಿನ್ನುಗಳನ್ನು ಓಡಿಸಿ ಇದನ್ನೇ ಆರಿಸಿಕೊಂಡನು. ದಕ್ಷಿಣ ಆಫ್ರಿಕದ ವೆಲ್ಕಮ್‌ನಲ್ಲಿ ನಡೆದ ಮೊದಲ ಪಂದ್ಯವನ್ನೂ ಆ ವರ್ಷದ ಪಟ್ಟವನ್ನೂ ಗೆದ್ದನು. 2009ರಲ್ಲಿ ಇದೇ ಬಗೆಯ ದಂಡವು ರಸ್ತೆಯ ಗಾಡಿಯಾದ ಆರ್ 1ಕ್ಕೂ ಬಂದಿತು.

ಇಷ್ಟರಿಂದ ಏರುಪೇರಿನ ತಾಳವೇ ಎಲ್ಲರಿಗೂ ಮೇಲೆಂದು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಬಾರದು. ಅದೇ ಡೂಹನ್ 1997ರಲ್ಲಿ ‘ಬಿಗ್ ಬ್ಯಾಂಗ್’ ಅನ್ನು ಬಿಟ್ಟು 180 ಡಿಗ್ರಿಯ ಹಳೆಯ ಸಮತಾಳಕ್ಕೆ ಹಿಂದಿರುಗಿ, 15 ಪಂದ್ಯಗಳಲ್ಲಿ 12ನ್ನು ಗೆದ್ದನು. ಇತರರು ಒರಟೆಂದು ದೂರವಿಟ್ಟ ಯಂತ್ರವು ಅವನ ಕೈಗೆ ಹಿತವಾಗಿತ್ತು. ಸವಾರನ ಅಂಗೈಯನ್ನು ಸಮೀಕರಣದೊಳಗೆ ಸೇರಿಸುವುದು ಕಷ್ಟ.

ಪಂದ್ಯದ ಪಥವನ್ನು ಕಾಣದವರೂ ಈ ತತ್ತ್ವವನ್ನು ನಮ್ಮ ರಸ್ತೆಗಳಲ್ಲಿಯೇ ಕೇಳಬಹುದು. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ 650ರ ಜೋಡಿ ಸಿಲಿಂಡರುಗಳು ಅಕ್ಕಪಕ್ಕದಲ್ಲಿ ನಿಂತಿದ್ದರೂ ದಂಡದ ಮೊಣಕೈಗಳು 270 ಡಿಗ್ರಿ ದೂರದಲ್ಲಿವೆ. ಒಂದು ಪಿಸ್ಟನ್ನು ನಿಂತಾಗ ಇನ್ನೊಂದು ಓಡುತ್ತಿರುತ್ತದೆ. ಸ್ಫೋಟಗಳು 270, 450ರ ಅಂತರದಲ್ಲಿ ಬೀಳುತ್ತವೆ. ನಾವು ಮೊದಲು ಹೇಳಿದ ಹುಡುಗರು, ಕಣ್ಣು ಮುಚ್ಚಿ ಕುಳಿತಿದ್ದರೆ, ಅದನ್ನು ವಿ ಆಕಾರದ ಎಂಜಿನ್ನೆಂದೇ ಹೇಳಿಯಾರು.