ಜಾರುತ್ತಿರುವುದು ಕಟ್ಟಡವೋ, ಲೆಕ್ಕವೋ?

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಶೆಡ್ಡು ವಿನ್ಯಾಸ ಮಾಡುವ ಕಿರಿಯ ಎಂಜಿನಿಯರುಗಳೇ, ಕಂಪ್ಯೂಟರಿನ ಭೂಕಂಪ ನಿಂತ ಮೇಲೂ ಕಟ್ಟಡ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಕಂಬಗಳ ಮೇಲೆ ಮುನಿಯಬೇಡಿ. ಮೊದಲು ನೆಲದ ವೇಗೋತ್ಕರ್ಷದ ದಾಖಲೆ ತೆರೆಯಿರಿ. ಅದು 1967ರ ಕೊಯ್ನಾ ಭೂಕಂಪದ್ದೇ ಇರಲಿ, ನಿನ್ನೆಯದೇ ಇರಲಿ. ಸೊನ್ನೆಗೆರೆ ಸೆಕೆಂಡಿನ ವರ್ಗಕ್ಕೆ ಬರೀ 1 ಮಿ.ಮೀ. ತಪ್ಪಿದ್ದರೂ, ಎರಡು ಸಲ ಅನುಕಲನವಾಗಿ 40 ಸೆಕೆಂಡಿಗೆ 80 ಸೆಂ.ಮೀ. ಸುಳ್ಳು ಸರಿತ! ಆ ಸೊನ್ನೆಗೆರೆಯನ್ನು (ಬೇಸ್‌ಲೈನ್) ತಿದ್ದಿ. ನೆಲಕ್ಕೆ ಹೋಲಿಸಿದ ಚಲನೆಯನ್ನೇ ನೋಡಿ. ಭೂಕಂಪ ವಿನ್ಯಾಸದ ಸಂಹಿತೆ ಐಎಸ್ 1893ರ ಮಿತಿಯೂ ಅಂತಸ್ತಿನ ಮೇಲು-ಕೆಳಗಿನ ವ್ಯತ್ಯಾಸಕ್ಕೇ, ಎತ್ತರದ 0.004 ಪಟ್ಟು. 6 ಮೀಟರ್ ಕಂಬಕ್ಕೆ 24 ಮಿ.ಮೀ. ನೆಲಕ್ಕೆ ಹೋಲಿಸಿದ ಆ ಚಲನೆಯೂ ಸೊನ್ನೆಗೆ ಮರಳದಿದ್ದರೆ, ಉಕ್ಕನ್ನು ಸ್ಥಿತಿಸ್ಥಾಪಕವೆಂದು ಇಟ್ಟು ಮತ್ತೊಮ್ಮೆ ಓಡಿಸಿ. ಆಗ ಮರಳಿತೇ? ಹಾಗಾದರೆ ಕಂಬ ನಿಜವಾಗಿಯೇ ಬಾಗಿದೆ. ಕೋಲಾರ ಭೂಕಂಪದ ಎರಡನೇ ವಲಯ ತಾನೇ ಎಂದು ಅದನ್ನು ಮಾತ್ರ ಬಿಟ್ಟುಬಿಡಬೇಡಿ.