ಗುಲಾಬಿ ಎಲೆಯ ಕಪ್ಪು ಚುಕ್ಕೆ

ಪ್ರಶ್ನೆ: ಮೈಸೂರಿನ ನಮ್ಮ ತಾರಸಿಯ ಕುಂಡದಲ್ಲಿರುವ ಗ್ಲಾಡಿಯೇಟರ್ ಗುಲಾಬಿಯ ಎಲೆಗಳಿಗೆ ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬಂದು ಉದುರುತ್ತಿವೆ. ಔಷಧಿ ಹೊಡೆದರೂ ನಿಂತಿಲ್ಲ. ಗಿಡ ಕಿತ್ತುಬಿಡಲೇ?

ಉತ್ತರ: ಕೀಳಬೇಡಿ, ಮೊದಲು ನೀರು ಹಾಕುವ ರೀತಿ ಬದಲಿಸಿ. ಅಂಚು ಎಳೆಎಳೆಯಾಗಿ ಹರಡಿದ ಕಪ್ಪು ಮಚ್ಚೆ, ಸುತ್ತ ಹಳದಿ, ಕೆಳಗಿನ ಎಲೆಗಳಿಂದ ಉದುರಲು ಶುರು ಎಂದಾದರೆ ಅದು ಶಿಲೀಂಧ್ರ ರೋಗ. ಎಲೆ ಸತತವಾಗಿ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಅದರ ಬೀಜಕಣ ಮೊಳೆತು ಎಲೆಯೊಳಗೆ ಇಳಿಯುತ್ತದೆ. ಸಂಜೆ ಎಲೆ ಮೇಲೆ ನೀರು ಚಿಮುಕಿಸಿದರೆ ಇಡೀ ರಾತ್ರಿ ಅದಕ್ಕೇ ಬಿಟ್ಟುಕೊಟ್ಟಂತೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರುಣಿಸಿ. ಮಳೆಯನ್ನು ತಡೆಯಲಾದೀತೇ ಎನ್ನಬಹುದು. ಕುಂಡವಾದ್ದರಿಂದ ಸಾಧ್ಯ, ಬಿಸಿಲು ಬೀಳುವ ಸೂರಿನಂಚಿಗೆ ಸರಿಸಿ, ಗಾಳಿಯಾಡಲು ಸುತ್ತ ಜಾಗ ಬಿಡಿ. ಉದುರಿದ ಎಲೆಗಳನ್ನು ದಿನವೂ ಆಯ್ದು ಚೀಲಕ್ಕೆ ತುಂಬಿ ಎಸೆಯಿರಿ. ರೋಗ ಅವುಗಳಲ್ಲೇ ಉಳಿದು, ಹನಿ ಸಿಡಿದಾಗ ಮೇಲೇರುತ್ತದೆ. ಔಷಧಿ ಹೊಸ ಎಲೆಯನ್ನು ಕಾಯುತ್ತದೆ, ಚುಕ್ಕೆ ಬಿದ್ದ ಎಲೆಯನ್ನು ಗುಣಪಡಿಸದು. ನಿಮಗೆ ಫಲ ಕಾಣದಿದ್ದುದು ಅದಕ್ಕೇ.

ಮಳೆ ನಿಂತ ಮೇಲೆ, ಕೊಂಬೆಯನ್ನು ಹೊರಮುಖದ ಚಿಗುರುಕಣ್ಣಿನ ಕಾಲಿಂಚು ಮೇಲೆ ಓರೆಯಾಗಿ ಸವರಿದರೆ ಸುಮಾರು 45 ದಿನಕ್ಕೆ ಹೂ ಬರುತ್ತದೆ. ಕೊಂಬೆ ತುದಿಯಿಂದ ಕಪ್ಪಾಗಿ ಒಣಗುತ್ತ ಇಳಿದರೆ ಅದು ಬೇರೆ ರೋಗ. ಆ ತುಂಡನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸಿ.